ಓದಿನ ಮುಯ್ಯಾಳು

ದೆಹಲಿ
೨೦ ಜೂನ್ ೨೦೨೪

ಗ್ಯಾನಪ್ಪ ಸರ್ ಅವರಿಗೆ ನಮಸ್ಕಾರ.

ನನ್ನ ಹೆಸರು ವಾಣಿಶ್ರೀ. ಊರು ಕುಕನೂರು, ಬಜಾರದಲ್ಲಿ ನಮ್ಮ ತಂದೆಯವರ ಕಿರಾಣಿ ಅಂಗಡಿ ಈಗಲೂ ಇದೆ. ನಾನು ಇಲ್ಲಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ಸರ್ಕಾರಿ ಶಾಲೆಗಳ ಬಗ್ಗೆ ಅಧ್ಯಯನ ಮಾಡುತ್ತೇನೆ. ಈ ವರ್ಷ ಕೊಪ್ಪಳ ಜಿಲ್ಲೆಯಲ್ಲಿ ನಮ್ಮದೊಂದು ಪ್ರಯೋಗವಿದೆ. ಕೆಲವು ಶಾಲೆಗಳಿಗೆ ಒಬ್ಬೊಬ್ಬ ಓದು ಶಿಕ್ಷಕಿಯನ್ನೂ ಒಂದು ಪೆಟ್ಟಿಗೆ ಪುಸ್ತಕವನ್ನೂ ಕೊಡುತ್ತೇವೆ. ಅಷ್ಟೇ ಸಂಖ್ಯೆಯ ಬೇರೆ ಶಾಲೆಗಳಿಗೆ ಏನನ್ನೂ ಕೊಡುವುದಿಲ್ಲ. ವರ್ಷದ ಕೊನೆಗೆ ಎರಡೂ ಕಡೆಯ ಮಕ್ಕಳ ಓದನ್ನು ಹೋಲಿಸುತ್ತೇವೆ. ಕೊಟ್ಟ ಕಡೆಯ ಮಕ್ಕಳು ಚೆನ್ನಾಗಿ ಮುಂದೆ ಹೋಗಿದ್ದರೆ, ಬರುವ ಜೂನ್‌ನಿಂದ ಜಿಲ್ಲೆಯ ಎಲ್ಲ ಚಿಕ್ಕ ಶಾಲೆಗಳಿಗೂ ಓದು ಶಿಕ್ಷಕಿಯನ್ನು ಕೊಡುವ ವಿಚಾರ ಸರ್ಕಾರದ ಮುಂದಿದೆ.

ಚೀಟಿ ಎತ್ತಿದಾಗ ನಿಮ್ಮ ಕರಡಿದೊಡ್ಡಿ ಶಾಲೆ ಏನೂ ಕೊಡದ ಕಡೆಗೆ ಬಿತ್ತು. ಬೇಸರ ಬೇಡ. ನೀವು ಮಾಡಬೇಕಾದದ್ದು ಇಷ್ಟೇ: ಶಾಲೆಯನ್ನು ಎಂದಿನಂತೆ ನಡೆಸಿ, ಹೊಸದೇನನ್ನೂ ಮಾಡಬೇಡಿ. ಆಗಾಗ ನನಗೊಂದು ಪತ್ರ ಬರೆಯಿರಿ. ನಮೂನೆ ತುಂಬುವಾಗಲೂ ವಾಟ್ಸಾಪಿನಲ್ಲೂ ಎಲ್ಲರೂ ‘ಸರಿ ಇದೆ’ ಎಂದುಬಿಡುತ್ತಾರೆ. ಪತ್ರದಲ್ಲಿ ಹಾಗಾಗುವುದಿಲ್ಲ ಎಂಬ ನಂಬಿಕೆ ನನ್ನದು.

ಗೌರವದಿಂದ,
ವಾಣಿಶ್ರೀ


ಕರಡಿದೊಡ್ಡಿ, ಹುಲಿಹೈದರ ಹತ್ತಿರ
೨೧ ಜುಲೈ ೨೦೨೪

ವಾಣಿಶ್ರೀ ಮೇಡಂ ಅವರಿಗೆ ಶರಣು.

ಚೀಟಿ ಎತ್ತಿದ ಕೈ ಯಾರದೋ ಗೊತ್ತಿಲ್ಲ, ಸಿಕ್ಕರೆ ಒಂದು ಮಾತು ಕೇಳುವುದಿದೆ. ಐದು ತರಗತಿಗೆ ನಾನು ಮತ್ತು ಶೋಭಾರಾಣಿ ಟೀಚರ್ ಇಬ್ಬರೇ. ನಾನು ಕನಕಗಿರಿಗೆ ಮೀಟಿಂಗಿಗೆ ಹೋದ ದಿನ ಅವರೊಬ್ಬರೇ. ಮೂರನೆಯವರು ಬೇಕೆಂದು ನಾನು ಅರ್ಜಿ ಕೊಡಲು ಶುರು ಮಾಡಿದಾಗ ನನ್ನ ತಲೆ ಪೂರ್ತಿ ಕಪ್ಪಿತ್ತು. ಇರಲಿ. ಬರುವ ಜೂನ್‌ಗೆ ಬರುತ್ತಾರೆಂದರೆ ಒಂದು ವರ್ಷ ಕಾಯುವುದು ನಮಗೆ ದೊಡ್ಡದಲ್ಲ.

ನಿಮ್ಮ ಸಂಸ್ಥೆಯಿಂದ ಗೌತಮ ಎಂಬುವರು ಬಂದು ಮಕ್ಕಳನ್ನು ಓದಿಸಿ ನೋಡಿ ಹೋದರು. ಮೆತ್ತಗಿನ ಮನುಷ್ಯ. ಅವತ್ತು ಮಳೆ ಬಿದ್ದು ಕಳೆ ಕೆಲಸ ನಿಂತಿದ್ದರಿಂದ ತಾಯಂದಿರೆಲ್ಲ ಬಂದು ಕಂಪೌಂಡಿನ ಗೋಡೆಗೆ ನಿಂತಿದ್ದರು. ಒಂದೊಂದೇ ಮಗುವನ್ನು ಕೂರಿಸಿ, ಕಾಗದ ಮುಂದಿಟ್ಟು ಓದು ಎಂದರು. ನಾಲ್ಕನೆಯ ತರಗತಿಯ ಪಂಪಾವತಿ ಕಾಗದವನ್ನೊಮ್ಮೆ ನೋಡಿ, ತನ್ನ ಕಾಲಬೆರಳು ನೋಡುತ್ತಾ ಕುಳಿತುಬಿಟ್ಟಳು. ಅವಳ ತಾಯಿ ಹುಲಗಮ್ಮ ಗೋಡೆಯಾಚೆ ಸೆರಗು ಬಾಯಿಗಿಟ್ಟುಕೊಂಡಳು. ಮಕ್ಕಳಿಗೆ ಓದು ಬರುವುದಿಲ್ಲವೆಂದು ನಮಗೆ ಗೊತ್ತಿತ್ತು. ಊರ ಮುಂದೆ ಹೀಗೆ ಕಂಡದ್ದು ಅವತ್ತೇ.

ಕೊನೆಗೆ ಪಕ್ಕೀರವ್ವ ಒಳಗೆ ಬಂದಳು. ಆಕೆ ನಮ್ಮ ಶಾಲಾ ಸಮಿತಿಯ ಅಧ್ಯಕ್ಷೆ, ಭತ್ತದ ನಾಟಿಗೆ ಹೋಗುವ ಊರ ಹೆಂಗಸರ ಗುಂಪಿಗೂ ಆಕೆಯೇ ಮುಂದಾಳು.

‘ತಮ್ಮಾ, ಏನಂತ ಬರಕೊಂಡಿ?’ ಎಂದು ಕೇಳಿದಳು.

‘ಈಗ ಹೆಂಗ ಅದಾರೋ ಹಂಗ ಬರಕೊಂಡೇನ್ರಬೇ. ಡಿಸೆಂಬರ್‌ದಾಗ ಮತ್ತ ಬರ್ತೀವಿ.’

‘ಮತ್ತ ಬರ್ತೀರಿ? ಖರೇನ ಬರ್ತೀರಿ?’

ಬರುತ್ತೇವೆ ಎಂದು ಗೌತಮ ಕೈಮುಗಿದರು. ನಮ್ಮೂರಿಗೆ ಬಂದು ನೋಡಿ ಹೋದವರು ಬಹಳ ಮಂದಿ. ಇಂಥ ತಿಂಗಳು ಮತ್ತೆ ಬರುತ್ತೇವೆ ಎಂದು ಹೇಳಿ ಹೋದವರು ಇವರೇ ಮೊದಲು.

ಶಾಲೆ ಎಂದಿನಂತೆ ನಡೆದಿದೆ.

ನಿಮ್ಮ ವಿಶ್ವಾಸಿ,
ಗ್ಯಾನಪ್ಪ


ಕರಡಿದೊಡ್ಡಿ
೩೦ ಆಗಸ್ಟ್ ೨೦೨೪

ಮೇಡಂ ಅವರಿಗೆ ಶರಣು.

ಈ ತಿಂಗಳು ಹಾಜರಿ ಬಿದ್ದುಹೋಗಿದೆ. ತುಂಗಭದ್ರಾ ಡ್ಯಾಮಿನ ಗೇಟು ಕಿತ್ತುಹೋದಾಗ ಈ ಸಲ ನಾಟಿ ಇಲ್ಲವೇನೋ ಎಂದು ಹೆಂಗಸರು ಹೆದರಿದ್ದರು. ಹಾಗಾಗಲಿಲ್ಲ. ಟೆಂಪೋ ಬಂತು, ಗುಂಪೆಲ್ಲ ಗಂಗಾವತಿ ಹತ್ತಿರದ ಶ್ರೀರಾಮನಗರದ ಗದ್ದೆಗಳ ಕಡೆ ಹೋಯಿತು. ಊರಲ್ಲಿ ನೋಡಿಕೊಳ್ಳುವವರಿಲ್ಲದ ಮಕ್ಕಳೂ ತಾಯಂದಿರ ಜೊತೆ ಹೋಗಿದ್ದಾರೆ. ನಾಟಿ ಮುಗಿದ ಮೇಲೆ ಬರುತ್ತಾರೆ. ಪ್ರತಿ ವರ್ಷದ್ದೇ ಇದು.

ಬೇರೇನೂ ವಿಶೇಷವಿಲ್ಲ. ಶಾಲೆ ಎಂದಿನಂತೆ.

ಗ್ಯಾನಪ್ಪ


ದೆಹಲಿ
೯ ಸೆಪ್ಟೆಂಬರ್ ೨೦೨೪

ಸರ್,

ನಿಮ್ಮ ಪತ್ರ ಓದಿ ಮನಸ್ಸು ಭಾರವಾಯಿತು. ನೀವು ‘ಪ್ರತಿ ವರ್ಷದ್ದೇ’ ಎಂದು ಒಂದು ಸಾಲಿನಲ್ಲಿ ಬರೆದು ಮುಗಿಸಿದಿರಿ. ಆ ವಾರಗಳಲ್ಲಿ ಆ ಮಕ್ಕಳು ಕಲಿತ ಅಷ್ಟಿಷ್ಟನ್ನೂ ಮರೆತು ಬರುತ್ತಾರೆ. ನಮ್ಮ ಬಳಿ ಇದಕ್ಕೆ ಪುರಾವೆ ಬೇಕಾದಷ್ಟಿದೆ. ಇಂಥ ಮಕ್ಕಳಿಗಾಗಿ ಋತುಮಾನದ ವಸತಿ ಶಾಲೆ ತೆರೆಯಬೇಕೆಂದು ನನ್ನ ವರದಿಯಲ್ಲಿ ಒಂದು ಭಾಗವನ್ನೇ ಬರೆಯುತ್ತಿದ್ದೇನೆ. ತಾಯಂದಿರ ಜೊತೆ ಹೋಗದಂತೆ ಮಕ್ಕಳನ್ನು ತಡೆಯುವುದೇ ಮೊದಲ ಕೆಲಸ ಎಂದು ನನಗನಿಸುತ್ತದೆ. ನಿಮ್ಮ ಅಭಿಪ್ರಾಯ ತಿಳಿಸಿ.

ವಾಣಿಶ್ರೀ


ಕರಡಿದೊಡ್ಡಿ
೨೭ ಅಕ್ಟೋಬರ್ ೨೦೨೪

ಮೇಡಂ,

ಮಕ್ಕಳು ತಿರುಗಿ ಬಂದಿದ್ದಾರೆ. ವಸತಿ ಶಾಲೆಯ ವಿಷಯ ಈಗಲೇ ಬರೆಯಬೇಡಿ ಎಂದು ನನ್ನ ವಿನಂತಿ. ಕಾರಣ ಕೇಳಬೇಡಿ.

ದೀಪಾವಳಿಯ ಶುಭಾಶಯ.

ಗ್ಯಾನಪ್ಪ


ದೆಹಲಿ
೧೯ ಡಿಸೆಂಬರ್ ೨೦೨೪

ಶ್ರೀ ಗ್ಯಾನಪ್ಪ ಅವರಿಗೆ,

ಡಿಸೆಂಬರ್ ಪರೀಕ್ಷೆಯ ಅಂಕಿಅಂಶ ನನ್ನ ಮುಂದಿದೆ. ಜುಲೈನಲ್ಲಿ ಅಕ್ಷರ ಗುರುತಿಸದಿದ್ದ ನಿಮ್ಮ ಮಕ್ಕಳಲ್ಲಿ ಬಹುಪಾಲು ಈಗ ಕಥೆಯ ಪುಟ ಓದಿದ್ದಾರೆ. ಓದು ಶಿಕ್ಷಕಿಯಿರುವ ಶಾಲೆಗಳೂ ಇಷ್ಟೇ ಮುಂದೆ ಹೋಗಿವೆ. ನಿಮ್ಮಲ್ಲಿ ಶಿಕ್ಷಕಿ ಇಲ್ಲ, ಪುಸ್ತಕವಿಲ್ಲ, ಒಂದು ತಿಂಗಳು ಎಷ್ಟೋ ಮಕ್ಕಳೇ ಇರಲಿಲ್ಲ. ಎಂದಿನಂತೆ ನಡೆದ ಶಾಲೆಯಲ್ಲಿ ಹೀಗಾಗುವುದಿಲ್ಲ. ಕುಷ್ಟಗಿ ಮತ್ತು ಯಲಬುರ್ಗಾ ಕಡೆಯ, ನಾವು ಏನೂ ಕೊಡದ ಕೆಲವು ಶಾಲೆಗಳಲ್ಲೂ ಇದೇ ಕಥೆ.

ಪರೀಕ್ಷೆಯ ಕಾಗದ ಮೊದಲೇ ಹೊರಗೆ ಹೋಗಿದೆ ಎಂದು ನಮ್ಮ ಸಂಸ್ಥೆ ಅನುಮಾನಿಸಿದೆ. ಗೌತಮ ಅವರನ್ನು ಸದ್ಯಕ್ಕೆ ಕೆಲಸದಿಂದ ದೂರ ಇಟ್ಟಿದ್ದೇವೆ. ಎರಡೂ ಕಡೆಯ ಮಕ್ಕಳ ನಡುವೆ ವ್ಯತ್ಯಾಸವೇ ಕಾಣದಿದ್ದರೆ ಓದು ಶಿಕ್ಷಕಿಯಿಂದ ಉಪಯೋಗವಿಲ್ಲವೆಂದು ಸರ್ಕಾರ ತೀರ್ಮಾನಿಸುತ್ತದೆ. ಆಗ ಯಾವ ಶಾಲೆಗೂ ಯಾರೂ ಬರುವುದಿಲ್ಲ.

ನೀವು ನನ್ನಿಂದ ಏನನ್ನೋ ಮುಚ್ಚಿಟ್ಟಿದ್ದೀರಿ. ಏನು ಎಂದು ಈಗಲಾದರೂ ಬರೆಯಿರಿ.

ವಾಣಿಶ್ರೀ


ಕರಡಿದೊಡ್ಡಿ
೨ ಜನವರಿ ೨೦೨೫

ಮೇಡಂ ಅವರಿಗೆ,

ನಿಮ್ಮ ಪತ್ರ ಓದಿದೆ. ಮುಚ್ಚಿಟ್ಟದ್ದು ನಿಜ, ಕದ್ದದ್ದು ಸುಳ್ಳು. ಗೌತಮನನ್ನು ಮೊದಲು ಕೆಲಸಕ್ಕೆ ಕರೆಯಿರಿ. ಆ ಮನುಷ್ಯ ನಮ್ಮೂರಲ್ಲಿ ನೀರು ಬಿಟ್ಟು ಏನನ್ನೂ ಮುಟ್ಟಿಲ್ಲ.

ಈಗ ನಡೆದದ್ದು ಕೇಳಿ. ಜುಲೈ ಪರೀಕ್ಷೆಯ ಮಾರನೆಯ ದಿನ ಪಕ್ಕೀರವ್ವ ಹೆಂಗಸರನ್ನು ಸೇರಿಸಿ, ‘ಯಾವಾಗ ಬರ್ತೀವಂತ ಹೇಳಿ ಹೋಗ್ಯಾರ. ಮತ್ತ ಬಂದಾಗ ನಮ್ಮ ಹುಡುಗ್ರು ಹಿಂಗ ಕೂತ್ರ ನಮ್ಮ ಮರ್ಯಾದಿ ಏನುಳಿತೈತಿ?’ ಎಂದಳು. ಹೇಳಿ ಬರುವ ಬೀಗರನ್ನು ಖಾಲಿ ಮನೆಗೆ ಕರೆಯುವವರು ನಾವಲ್ಲ. ಆದರೆ ಕಲಿಸುವವರು ಯಾರು? ಅಲ್ಲಿದ್ದವರಲ್ಲಿ ಓದು ಬಲ್ಲವರಿರಲಿಲ್ಲ. ಆಗ ಹುಲಗಮ್ಮನೇ, ‘ಕಳೇದ ಕೆಲಸಕ್ಕ ಮುಯ್ಯಾಳ ಹೋಗ್ತೀವಿ, ಓದಿಗೆ ಯಾಕ ಹೋಗಬಾರದು?’ ಎಂದಳಂತೆ.

ಬಜಾರದ ಮನೆಯವರು ನೀವು, ಮುಯ್ಯಾಳು ಗೊತ್ತಿರಲಿಕ್ಕಿಲ್ಲ. ಇವತ್ತು ನನ್ನ ಹೊಲದ ಕೆಲಸಕ್ಕೆ ನಿಮ್ಮ ಮನೆಯವರು ಬರುತ್ತಾರೆ, ನಾಳೆ ನಿಮ್ಮ ಹೊಲಕ್ಕೆ ನಮ್ಮವರು ಹೋಗುತ್ತಾರೆ. ಕೂಲಿ ಇಲ್ಲ. ಆದರೆ ತಿರುಗಿ ಹೋಗದೆ ಬಿಡುವಂತಿಲ್ಲ. ಮಕ್ಕಳ ಓದಿಗೂ ಅದೇ ಕಟ್ಟಳೆ ಬಂತು. ಅಕ್ಷರ ಬಲ್ಲ ಮಗು ಸಂಜೆ ಇನ್ನೊಂದು ಮನೆಗೆ ಹೋಗಿ ಕಲಿಸಬೇಕು. ಕಲಿತ ಮಗು ತಿರುಗಿ ಏನನ್ನಾದರೂ ಮಾಡಿಕೊಡಬೇಕು. ಲೆಕ್ಕ ಬಲ್ಲದ್ದು ಲೆಕ್ಕ ಹೇಳಿಕೊಡುತ್ತದೆ. ಏನೂ ಬಾರದ ಪಂಪಾವತಿ ತನಗೆ ಕಲಿಸಿದ ಹುಡುಗಿಯ ಪುಟ್ಟ ತಮ್ಮನನ್ನು ಎತ್ತಿಕೊಂಡು ತಿರುಗಿದಳು. ತನಗೆ ‘ಕ’ ಬಂದ ಮೇಲೆ, ‘ಕ’ ಬಾರದವರಿಗೆ ಕಲಿಸಲು ಹೊರಟಳು.

ನನಗಿದು ತಿಳಿದದ್ದು ಶುರುವಾದ ಮೇಲೆ. ಒಂದು ಸಂಜೆ ಓಣಿಯಲ್ಲಿ ನಡೆದು ಹೋದೆ. ಒಂದೂ ಕಟ್ಟೆ ಖಾಲಿ ಇರಲಿಲ್ಲ. ತಪ್ಪು ಓದಿದರೆ ತಿದ್ದುವುದು, ನಗುವುದು, ಮತ್ತೆ ಓದಿಸುವುದು, ಎಲ್ಲ ಅವರವರೇ. ಮೇಡಂ, ನಾನು ಮೂವತ್ತು ವರ್ಷದ ಮಾಸ್ತರ. ಆ ಓಣಿಯಲ್ಲಿ ನನಗೆ ಕಾಲೇ ಎತ್ತಿಡಲಾಗಲಿಲ್ಲ. ಹಂಪಿಗೆ ಹೋದಾಗಲೂ ನಾನು ಹೀಗೆ ಬಾಯಿಬಿಟ್ಟು ನಿಂತವನಲ್ಲ.

ನಿಮಗೆ ಬರೆಯಲಿಲ್ಲ, ಅಂಜಿದೆ. ಹೊಸದೇನೂ ಬೇಡ ಎಂದಿದ್ದಿರಿ. ಊರವರನ್ನು ನಿಲ್ಲಿಸಿ ಎಂದು ನೀವು ಬರೆದಿದ್ದರೆ ನನ್ನಿಂದ ಆಗುತ್ತಿರಲಿಲ್ಲ. ಅವರು ನಾಟಿಗೆ ಹೋದಾಗ ಅಲ್ಲಿ ಉಳಿದುಕೊಳ್ಳುವ ಶೆಡ್ಡಿನಲ್ಲೂ ಇದೇ ನಡೆಯಿತಂತೆ. ಕುಷ್ಟಗಿ, ಯಲಬುರ್ಗಾ ಕಡೆಯ ಗುಂಪುಗಳೂ ಅಲ್ಲೇ ಇಳಿದಿದ್ದವು. ಆ ಶಾಲೆಗಳಲ್ಲಿ ಏನಾಯಿತೋ ನನಗೆ ಗೊತ್ತಿಲ್ಲ, ಊಹಿಸಬಲ್ಲೆ.

ಈಗ ನಮ್ಮ ಓದಿನಿಂದಲೇ ಶಿಕ್ಷಕಿ ತಪ್ಪುತ್ತಾಳೆ ಎಂದಿರಿ. ಊರವರ ಮುಂದೆ ಹೇಳಿದೆ. ಪಕ್ಕೀರವ್ವ, ‘ನಮ್ಮ ಸಾಲಿ ಹೆಸರು ಹೊಡದು ಹಾಕಂತ ಬರೀರಿ ಸರ. ಹೆಸರು ಹೊಡದು ಹಾಕಿದ್ರ ಹುಡುಗ್ರು ಕಲತದ್ದು ಹೋಗಂಗಿಲ್ಲಲ್ಲ. ಟೀಚರ್ ಬರಲಿ’ ಎಂದಳು.

ಆದ್ದರಿಂದ ಕೇಳುತ್ತೇನೆ, ನಿಮ್ಮ ಹೋಲಿಕೆಯ ಲೆಕ್ಕದಿಂದ ಹೊಡೆದುಹಾಕಿ. ನಮ್ಮನ್ನೂ, ಆ ಶೆಡ್ಡಿಗೆ ಬಂದಿದ್ದ ಎಲ್ಲ ಶಾಲೆಗಳನ್ನೂ.

ಗ್ಯಾನಪ್ಪ


ಗಂಗಾವತಿ
೨೯ ಜನವರಿ ೨೦೨೫

ಗುರುಗಳೇ,

ನಿಮಗೆ ತಿಳಿಸದೆ ಬಂದಿದ್ದೇನೆ. ಗೌತಮ ನನ್ನ ಜೊತೆಗಿದ್ದಾರೆ. ಅವರ ಕ್ಷಮೆ ಕೇಳಿದ್ದೇನೆ, ನಿಮ್ಮ ಕ್ಷಮೆಯನ್ನೂ ಕೇಳುತ್ತೇನೆ.

ಎರಡನೆಯ ಬೆಳೆಯ ನಾಟಿ ನಡೆದಿದೆಯೆಂದು ಕೇಳಿ ನಿನ್ನೆ ಶ್ರೀರಾಮನಗರಕ್ಕೆ ಹೋದೆ. ಇಳಿಹೊತ್ತಿಗೆ ಹೆಂಗಸರು ಕಾಲುವೆಯಲ್ಲಿ ಕೆಸರು ತೊಳೆದುಕೊಂಡು ಶೆಡ್ಡಿಗೆ ಬಂದರು. ಒಲೆ ಹೊತ್ತಿದವು. ಮಕ್ಕಳು ಯಾರೂ ಕರೆಯದೆ ಇಬ್ಬಿಬ್ಬರಾಗಿ ಕುಳಿತರು. ಅವರ ಬಳಿ ಪುಸ್ತಕ ಕಡಿಮೆ. ಒಬ್ಬಳು ಗೊಬ್ಬರದ ಚೀಲದ ಮೇಲಿನ ಕನ್ನಡ ಓದುತ್ತಿದ್ದಳು, ಇನ್ನೊಬ್ಬ ಎಣ್ಣೆ ಪಾಕೀಟು. ಯಾವ ಊರು ಎಂದು ಕೇಳುತ್ತಾ ಹೋದೆ. ಕುಷ್ಟಗಿ ಕಡೆಯ ಹುಡುಗ ಯಲಬುರ್ಗಾ ಕಡೆಯ ಹುಡುಗಿಗೆ ಒತ್ತಕ್ಷರ ಕಲಿಸುತ್ತಿದ್ದ. ಅವನಿಗೆ ಆಗಸ್ಟಿನಲ್ಲಿ ಕಲಿಸಿದ್ದು ನಿಮ್ಮೂರಿನ ಮಗು.

‘ನಿನಗ ಕಲಿಸಿದೋರು ಕರಡಿದೊಡ್ಡಿಯವರು, ಮತ್ತ ನೀ ಈಕೀಗಿ ಯಾಕ ಕಲಸ್ತಿ?’ ಎಂದು ಕೇಳಿದೆ.

‘ಗುಂಪಿನ್ಯಾಗ ಯಾರಿಗಿ ತೀರಿಸಿದ್ರೂ ನಡಿತೈತ್ರಿ’ ಎಂದ, ಇಷ್ಟೂ ತಿಳಿಯದೇ ಎಂಬಂತೆ.

ನಿಮ್ಮ ಪಂಪಾವತಿ ಅಲ್ಲೇ ಇದ್ದಳು. ಓದುತ್ತೀಯಾ ಎಂದೆ. ನನ್ನ ಕೈಯಲ್ಲಿದ್ದದ್ದು ನನ್ನದೇ ವರದಿಯ ಕರಡು, ಮಕ್ಕಳಿಗಾಗಿ ಬರೆದದ್ದಲ್ಲ. ಅವಳು ಅದನ್ನೇ ತೆಗೆದುಕೊಂಡು, ಬೆರಳಿಟ್ಟು, ನಿಧಾನವಾಗಿ ಓದಿದಳು: ‘ತಾಯಂದಿರೊಂದಿಗೆ ವಲಸೆ ಹೋಗುವ ಮಕ್ಕಳು ಕಲಿತದ್ದನ್ನು ಮರೆಯುತ್ತಾರೆ.’ ಓದಿ ಮುಗಿಸಿ ನನ್ನ ಮುಖ ನೋಡಿ, ‘ಯಾವ ಹುಡುಗ್ರು ಅಕ್ಕಾ?’ ಎಂದಳು.

ಗುರುಗಳೇ, ನಾನು ಬೆರಗಾದೆ, ಇದಕ್ಕೆ ಬೇರೆ ಮಾತಿಲ್ಲ. ನನ್ನ ನಕ್ಷೆಯಲ್ಲಿ ಪ್ರತಿ ಶಾಲೆ ಒಂದು ಚುಕ್ಕೆ, ನಡುವೆ ಬರೀ ಬಿಳಿ ಕಾಗದ. ಒಂದು ಚುಕ್ಕೆಯ ಗಾಳಿ ಇನ್ನೊಂದಕ್ಕೆ ತಾಗದಂತೆ ದೂರದೂರದ ಊರು ಆರಿಸಿದ್ದೇನೆಂದು ಜಂಬವಿತ್ತು. ಆ ಬಿಳಿ ಕಾಗದದ ಮೇಲೆ ನಿಮ್ಮ ಹೆಂಗಸರು ಪ್ರತಿ ವರ್ಷ ಓಡಾಡುತ್ತಿದ್ದರು. ಯಾರೂ ಹೇಳದೆ, ಯಾರೂ ಕೇಳದೆ, ಓದು ಅವರ ಜೊತೆ ಊರೂರು ದಾಟಿತು. ಕತ್ತಲಾಗುವವರೆಗೆ ಅಲ್ಲಿಂದ ಏಳಲು ಮನಸ್ಸಾಗಲಿಲ್ಲ.

ವಸತಿ ಶಾಲೆಯ ಭಾಗವನ್ನು ಹರಿದುಹಾಕಿದೆ.

ಇನ್ನು ನಿಮ್ಮ ಕೋರಿಕೆ. ಹೆಸರು ಹೊಡೆದರೆ ವ್ಯತ್ಯಾಸ ಕಾಣುತ್ತದೆ, ಶಿಕ್ಷಕಿ ಬರುತ್ತಾಳೆ, ಎಲ್ಲ ಸುಲಭ. ಆದರೆ ಫಲಿತಾಂಶ ನೋಡಿದ ಮೇಲೆ ಬೇಡವಾದ ಹೆಸರು ಹೊಡೆಯುವುದು ಸುಳ್ಳು ಹೇಳಿದಂತೆ. ನಿನ್ನೆ ಕಂಡದ್ದು ಎಂದೂ ನಡೆದೇ ಇಲ್ಲ ಎಂದು ನಾನು ಹೇಗೆ ಬರೆಯಲಿ? ನನ್ನಿಂದಾಗದು. ನಿಮ್ಮೂರಿಗೆ ಬಂದಿದ್ದರೆ ನಿಮ್ಮ ಮುಖ ನೋಡಿ ಒಪ್ಪಿಬಿಡುತ್ತಿದ್ದೆ, ಅದಕ್ಕೇ ಬರಲಿಲ್ಲ.

ವಾಣಿಶ್ರೀ


ಕರಡಿದೊಡ್ಡಿ
೧೬ ಫೆಬ್ರವರಿ ೨೦೨೫

ತಂಗಿ ವಾಣಿಶ್ರೀ,

ನೀವು ನಮ್ಮ ಮಕ್ಕಳನ್ನು ನೋಡಿದಿರಲ್ಲ, ಅದು ನನಗೆ ಸಾಕಷ್ಟು ದೊಡ್ಡದು. ಆದರೂ ಸಿಟ್ಟು ಬಂದಿದೆ, ಮುಚ್ಚಿಡುವುದಿಲ್ಲ. ನಿಮ್ಮ ಸತ್ಯ ನಿಮಗೆ ಚಂದ. ನನಗೆ ಇಬ್ಬರು ಶಿಕ್ಷಕರು, ಐದು ತರಗತಿ. ಮಕ್ಕಳು ಮಕ್ಕಳಿಗೆ ಕಥೆಯ ಪುಟದವರೆಗೆ ಕಲಿಸಿದರು. ಅಲ್ಲಿಂದ ಮುಂದೆ ಅವರಿಗೇ ಗೊತ್ತಿಲ್ಲ. ಈಗ ದಿನಾ ಬಂದು ‘ಇದರ ಮುಂದ ಏನ್ರಿ ಸರ?’ ಎಂದು ಕೇಳುತ್ತಾರೆ. ಓದು ಬಾರದ ಮಕ್ಕಳನ್ನು ಸುಮ್ಮನೆ ಕೂರಿಸಬಹುದಿತ್ತು, ಇವರನ್ನು ಹೇಗೆ ಕೂರಿಸಲಿ?

ಇನ್ನೊಮ್ಮೆ ಯೋಚನೆ ಮಾಡಿ.

ಗ್ಯಾನಪ್ಪ


ದೆಹಲಿ
೨೫ ಏಪ್ರಿಲ್ ೨೦೨೫

ಗುರುಗಳೇ,

ವರದಿಯಲ್ಲಿ ಎಲ್ಲವನ್ನೂ ಇದ್ದದ್ದು ಇದ್ದಂತೆ ಬರೆದೆ, ನಿಮ್ಮ ಫೆಬ್ರವರಿಯ ಪತ್ರದಲ್ಲಿದ್ದ ಮಕ್ಕಳ ಪ್ರಶ್ನೆಯನ್ನೂ ಸೇರಿಸಿ. ವರದಿಯ ಬಗ್ಗೆ ಸರ್ಕಾರ ಕೊಪ್ಪಳದಲ್ಲಿ ಕರೆದ ಸಭೆಗೆ ಶಾಲಾ ಸಮಿತಿಯವರನ್ನೂ ಕರೆಯಲೇಬೇಕೆಂದು ಹಟ ಹಿಡಿದೆ. ನಾನು ಇಲ್ಲಿಂದ ಪರದೆಯ ಮೇಲೆ ಮಾತಾಡಿದೆ. ಮುಗಿಸಿದ ಕೂಡಲೇ ಸಭೆಯ ಅಧ್ಯಕ್ಷರು, ‘ಖರ್ಚಿಲ್ಲದೆ ಊರವರೇ ಮಾಡಿಕೊಂಡಿದ್ದಾರೆ ಅಂದಮೇಲೆ ಶಿಕ್ಷಕಿ ಯಾಕೆ ಬೇಕು?’ ಎಂದರು. ಉತ್ತರಿಸಲು ಬಾಯಿ ತೆರೆದೆ, ಪರದೆ ಕಪ್ಪಾಯಿತು. ನೆಟ್‌ವರ್ಕ್ ಹೋಯಿತು, ಮತ್ತೆ ಬರಲಿಲ್ಲ.

ಕೊನೆಯಲ್ಲಿ ಕಂಡದ್ದು ಹಿಂದಿನ ಸಾಲಿನಿಂದ ಯಾರೋ ಹೆಂಗಸು ಎದ್ದು ನಿಂತದ್ದು. ಫೋನ್ ಮಾಡಿದರೆ ನೀವು ‘ಫೋನಿನ್ಯಾಗ ಹೇಳೂದಲ್ರಿ, ಬರೀತೀನಿ’ ಎಂದು ಇಟ್ಟೇಬಿಟ್ಟಿರಿ! ನಾನು ಬರೆದ ನಿಜವೇ ನಿಮ್ಮ ಶಿಕ್ಷಕಿಯನ್ನು ಕಿತ್ತುಕೊಂಡಿತೇ? ಬೇಗ ಬರೆಯಿರಿ.

ವಾಣಿಶ್ರೀ


ಕರಡಿದೊಡ್ಡಿ
೪ ಜೂನ್ ೨೦೨೫

ತಂಗಿ ವಾಣಿಶ್ರೀ,

ತಡವಾಯಿತು. ಸಭೆಯಲ್ಲಿ ಆಡಿದ ಮಾತು ಕಾಗದಕ್ಕೆ ಬರುವವರೆಗೆ ನಂಬದ ನೌಕರ ನಾನು. ಆದೇಶದ ಪ್ರತಿ ನಿಮಗೂ ಬಂದಿರುತ್ತದೆ. ನಡೆದದ್ದು ಅದರಲ್ಲಿ ಇರುವುದಿಲ್ಲ, ಇಲ್ಲಿ ಓದಿ.

ಎದ್ದು ನಿಂತವಳು ಪಕ್ಕೀರವ್ವ. ಮೈಕು ಕೊಡಲು ಹೋದರು, ಬೇಡವೆಂದಳು.

‘ಸಾಹೇಬ್ರ, ಪುಕ್ಕಟ್ಟೆ ಅಂತ ಯಾರು ಹೇಳಿದ್ರು? ಇದು ಮುಯ್ಯಾಳ್ರೀ. ಮುಯ್ಯಾಳಿಗಿ ಬಂದೋರ ಕೈಯಾಗ ರೊಕ್ಕ ಇಡಂಗಿಲ್ಲ, ಖರೆ. ಆದ್ರ ತಿರುಗಿ ಅವರ ಹೊಲಕ್ಕ ಹೋಗಬೇಕು. ಓದ ಕಲಸೂದು ನಿಮ್ಮ ಹೊಲದ ಕೆಲಸ. ಈ ವರ್ಷ ನಮ್ಮ ಹುಡುಗ್ರು ಬಂದು ಮಾಡಿಕೊಟ್ಟಾರ. ಈಗ ತಿರುಗಿ ಬರೂ ಪಾಳಿ ನಿಮ್ಮದು. ಯಾವತ್ತ ಬರ್ತೀರಿ, ಹೇಳ್ರಿ.’

ಅಧ್ಯಕ್ಷರು ಒಳ್ಳೆಯವರು, ಸಿಟ್ಟಾಗಲಿಲ್ಲ. ‘ಬರದಿದ್ದರೆ ಏನು ಮಾಡ್ತೀಯವ್ವಾ?’ ಎಂದು ನಿಜವಾಗಿ ತಿಳಿಯಬೇಕೆಂಬಂತೆ ಕೇಳಿದರು.

‘ಮುಯ್ಯಾಳ ತೀರಸದೋರ ಹೊಲಕ್ಕ ಮುಂದಿನ ವರ್ಷ ಯಾರು ಹೋಗ್ತಾರ್ರಿ?’ ಎಂದಳು. ಹೆದರಿಸಲಿಲ್ಲ, ಬೇಡಿಕೊಳ್ಳಲಿಲ್ಲ, ಇದ್ದದ್ದು ಹೇಳಿ ಕುಳಿತಳು. ಯಲಬುರ್ಗಾ ಕಡೆಯ ಹೆಂಗಸರು ‘ಹೌದ್ರಿ’ ಎಂದರು. ಕುಷ್ಟಗಿಯವರೂ ಎಂದರು. ಅಧ್ಯಕ್ಷರು ನಿಮ್ಮ ವರದಿಯ ಕೊನೆಯ ಪುಟ ತೆಗೆದು ಮತ್ತೊಮ್ಮೆ ಓದಿದರು, ಮಕ್ಕಳು ‘ಮುಂದೇನು’ ಎಂದು ಕೇಳುತ್ತಾರೆ ಎಂದು ನೀವು ಬರೆದಿದ್ದ ಪುಟ. ಚಿಕ್ಕ ಶಾಲೆಗಳಿಗೆಲ್ಲ ಸದ್ಯ ಒಂದು ವರ್ಷದ ಮಟ್ಟಿಗೆ ಓದು ಶಿಕ್ಷಕಿ ಎಂದು ಅಲ್ಲೇ ಹೇಳಿದರು. ಮುಂದಿನ ವರ್ಷದ್ದು ಮುಂದೆ ನೋಡೋಣ. ಹೆಸರು ಹೊಡೆಯದ ನಿಮ್ಮ ಹಟಕ್ಕೆ ನಾನು ಸಿಟ್ಟಾಗಿದ್ದೆ. ಆ ಸಿಟ್ಟು ಈಗ ನನ್ನಲ್ಲಿಲ್ಲ.

ಶಿಕ್ಷಕಿ ಬಂದಿದ್ದಾರೆ. ಹೆಸರು ಸುನಿತಾ, ಕುಷ್ಟಗಿಯವರು, ಹೊಸ ತರಬೇತಿಯ ಹುರುಪು. ಮೊದಲ ದಿನ ಮೂರರಿಂದ ಐದನೆಯ ತರಗತಿಯವರನ್ನೆಲ್ಲ ಕರೆದು, ತರಬೇತಿಯಲ್ಲಿ ಹೇಳಿಕೊಟ್ಟಂತೆ ಚಾಪೆ ಹಾಸಿದರು.

‘ಅಕ್ಷರ ಬರದೋರು ಈ ಚಾಪಿ ಮ್ಯಾಲ ಕೂಡ್ರಿ’ ಎಂದರು. ಯಾರೂ ಅಲುಗಲಿಲ್ಲ.

ನಾಚಿಕೆಯೆಂದುಕೊಂಡರೇನೋ. ‘ಅಂಜಬ್ಯಾಡ್ರಿ, ಯಾರೂ ಬೈಯಂಗಿಲ್ಲ. ಬರ್ರಿ’ ಎಂದು ಮತ್ತೆ ಕರೆದರು. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಚಾಪೆ ಖಾಲಿಯೇ ಇತ್ತು. ನಾನೂ ಶೋಭಾರಾಣಿ ಟೀಚರೂ ಬಾಗಿಲಲ್ಲಿ ನಿಂತು ಆ ಖಾಲಿ ಚಾಪೆಯನ್ನು ನೋಡಿದೆವು. ಅವರು ಕಣ್ಣೊರೆಸಿಕೊಂಡರು. ನಾನು ಒರೆಸಿಕೊಳ್ಳಲಿಲ್ಲ, ಕಂಡರೆ ಕಾಣಲಿ ಎಂದು ಬಿಟ್ಟೆ.

‘ಸರ, ನಾ ಎಲ್ಲಿಂದ ಶುರು ಮಾಡ್ಲಿ?’ ಎಂದು ಸುನಿತಾ ನನ್ನ ಕಡೆ ತಿರುಗಿದರು.

ನಾನು ಹೇಳುವ ಮೊದಲೇ ಪಂಪಾವತಿ ಎದ್ದು ನಿಂತಿದ್ದಳು.

‘ನಮಗ ಬರೂದೆಲ್ಲ ನಾವ ಒಬ್ಬರಿಗೊಬ್ರು ಕಲಿಸಿಕೊಂಡೀವ್ರಿ ಟೀಚರ್. ನೀವು ಮುಂದಿಂದು ಹೇಳ್ರಿ.’

ಗ್ಯಾನಪ್ಪ